ಕೆಲಸ ಮುಗಿಯುವ ಮೊದಲೇ ವಿಶ್ರಾಂತಿ: ವಿಶ್ವಾಸಿಗಳಿಗೊಂದು ಅಭ್ಯಾಸಕ್ರಮ

"ಇದೊಂದು ಕೆಲಸ ಮುಗಿಯಲಿ, ಆಮೇಲೆ ಸ್ವಲ್ಪ ಸುಮ್ಮನೆ ಕೂರುತ್ತೇನೆ" ಎಂದು ನಾನು ಹೇಳಿಕೊಂಡು ಬಂದು ಹತ್ತು ವರ್ಷವಾದರೂ ಆಗಿರಬೇಕು. ಆ ಕೆಲಸ ಮುಗಿಯುತ್ತಿತ್ತು, ಆದರೆ ಹೋಗುವಾಗ ತನ್ನ ಇಬ್ಬರು ತಮ್ಮಂದಿರನ್ನು ಬಿಟ್ಟು ಹೋಗುತ್ತಿತ್ತು. ಕಚೇರಿ, ಮನೆ, ಅದರ ಮೇಲೆ ಸಭೆಯ ಹೊಣೆಗಳು. ಭಾನುವಾರ ಶಾಲೆ, ಗಾಯನ ತಂಡದ ಅಭ್ಯಾಸ, ಸಮಿತಿಯ ಕೂಟ. ಒಮ್ಮೆ ದೇವರು ಕೊಡುವ ವಿಶ್ರಾಂತಿಯ ಕುರಿತು ಪಾಠ ಸಿದ್ಧಮಾಡುತ್ತಾ ರಾತ್ರಿ ಒಂದು ಗಂಟೆಯವರೆಗೆ ಎಚ್ಚರವಾಗಿದ್ದೆ. ಮರುದಿನ ಆ ಪಾಠ ಹೇಳುವಾಗ ಆಕಳಿಕೆ ತಡೆಯಲಾಗಲಿಲ್ಲ. ಮಕ್ಕಳು ನಕ್ಕರು, ನಾನೂ ನಕ್ಕೆ.

ಆ ನಗುವಿನ ನಂತರ ಆದಿಕಾಂಡದ ಮೊದಲ ಅಧ್ಯಾಯವನ್ನು ಬೇರೆ ಕಣ್ಣಿನಿಂದ ಓದತೊಡಗಿದೆ. ಅಲ್ಲಿ ದಿನಗಳನ್ನು ಎಣಿಸುವ ಕ್ರಮವೇ ನಮ್ಮದಕ್ಕೆ ತಿರುಗುಮುರುಗು. ಸಾಯಂಕಾಲ ಮೊದಲು, ಬೆಳಗು ಆಮೇಲೆ. ಅಂದರೆ ದಿನ ಶುರುವಾಗುವುದು ಮನುಷ್ಯನು ಮಲಗುವ ಹೊತ್ತಿಗೆ. ಅವನು ಏಳುವಷ್ಟರಲ್ಲಿ ದೇವರ ಕೆಲಸ ಅರ್ಧ ದಿನ ನಡೆದುಬಿಟ್ಟಿರುತ್ತದೆ. ಇನ್ನೊಂದು ವಿಷಯ: ಮನುಷ್ಯನ ಸೃಷ್ಟಿಯಾದದ್ದು ಆರನೆಯ ದಿನ. ಹಾಗಾದರೆ ಅವನು ಕಂಡ ಮೊದಲ ಪೂರ್ತಿ ದಿನ ಯಾವುದು? ಏಳನೆಯದು, ವಿಶ್ರಾಂತಿಯ ದಿನ. ಒಂದು ಹುಲ್ಲುಕಡ್ಡಿಯನ್ನೂ ಎತ್ತಿಡದವನಿಗೆ ಮೊದಲು ರಜೆ ಸಿಕ್ಕಿತು, ತೋಟದ ಕೆಲಸ ಆಮೇಲೆ ಬಂತು. ವಿಶ್ರಾಂತಿಯನ್ನು ದುಡಿಮೆಯ ಕೂಲಿ ಎಂದುಕೊಂಡಿದ್ದ ನನಗೆ ಇಲ್ಲಿ ಲೆಕ್ಕ ತಪ್ಪಿತ್ತು.

ಮುಂದೆ ಬರೆದಿರುವುದು ಆ ತಪ್ಪನ್ನು ತಿದ್ದಿಕೊಳ್ಳುತ್ತಾ ರೂಢಿಯಾದ ಕ್ರಮ. ಎಲ್ಲವನ್ನೂ ಒಂದೇ ವಾರದಲ್ಲಿ ಆರಂಭಿಸಬೇಡಿ. ಹಾಗೆ ಮಾಡಿದರೆ ವಿಶ್ರಾಂತಿಯೂ ಪಟ್ಟಿಯಲ್ಲಿ ಇನ್ನೊಂದು ಕೆಲಸವಾಗುತ್ತದೆ. ಒಂದು ಹೆಜ್ಜೆ ಕಾಲಿಗೆ ಒಗ್ಗಿದ ಮೇಲೆ ಇನ್ನೊಂದು.

ಮೊದಲು ನಿದ್ದೆ

ಪ್ರಾರ್ಥನೆಯಿಂದ ಆರಂಭಿಸಿ ಎನ್ನುತ್ತೇನೆಂದು ನೀವು ಎಣಿಸಿರಬಹುದು. ಇಲ್ಲ, ಮೊದಲ ವಾರ ಪ್ರಾರ್ಥನೆಯ ಹೊತ್ತನ್ನು ಒಂದು ನಿಮಿಷವೂ ಹೆಚ್ಚಿಸಬೇಡಿ. ಸುಮ್ಮನೆ ನಿದ್ದೆ ಮಾಡಿ.

ಇದಕ್ಕೆ ಆಧಾರ ಪ್ರವಾದಿಯಾದ ಎಲೀಯ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯ ಪಡೆದವನು, ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಅಡವಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದನು. ದೇವರು ಅವನಿಗೆ ಬೋಧನೆ ಮಾಡಲಿಲ್ಲ. "ನಿನ್ನ ನಂಬಿಕೆ ಎಲ್ಲಿ ಹೋಯಿತು?" ಎಂದು ಕೇಳಲೂ ಇಲ್ಲ. ಅವನು ಮಲಗಿದನು. ದೂತನು ತಟ್ಟಿ ಎಬ್ಬಿಸಿದಾಗ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದನು, ಕುಡಿದನು, ಮತ್ತೆ ಮಲಗಿದನು. ಎರಡನೆಯ ಸಲ ಎದ್ದು ಉಂಡ ಮೇಲೆಯೇ ಹೋರೇಬ್ ಬೆಟ್ಟಕ್ಕೆ ನಲವತ್ತು ದಿನದ ನಡಿಗೆ. ಗಾಳಿ, ಭೂಕಂಪ, ಬೆಂಕಿ ಎಲ್ಲ ಮುಗಿದು ಕೇಳಿಸಿದ ಆ ಮೆಲುದನಿ ಅಲ್ಲಿಯದು (1 ಅರಸುಗಳು 19). ನಾವು ಪ್ರಸಂಗಗಳಲ್ಲಿ ನೇರವಾಗಿ ಮೆಲುದನಿಗೆ ಹಾರುತ್ತೇವೆ, ಎರಡು ನಿದ್ದೆ ಎರಡು ಊಟಗಳನ್ನು ದಾಟಿಹೋಗುತ್ತೇವೆ.

ಮಾಡಬೇಕಾದದ್ದು ಸರಳ. ಏಳು ದಿನ, ಈಗ ಮಲಗುವ ಹೊತ್ತಿಗಿಂತ ಅರ್ಧ ಗಂಟೆ ಮೊದಲು ಮಲಗಿ. ಮೊಬೈಲನ್ನು ಬೇರೆ ಕೋಣೆಯಲ್ಲಿ ಇಡಿ. ಎಚ್ಚರಗೊಳಿಸಲು ಅದೇ ಬೇಕೆನ್ನುವವರು ಒಂದು ಗಡಿಯಾರ ಕೊಳ್ಳಿ. ದೀಪ ಆರಿಸುವ ಮೊದಲು 4ನೆಯ ಕೀರ್ತನೆಯ ಕೊನೆಯ ವಚನವನ್ನು ಹೇಳಿಕೊಳ್ಳಿ. ಸಮಾಧಾನದಿಂದ ಮಲಗಿ ನಿದ್ದೆ ಮಾಡುತ್ತೇನೆ, ನನ್ನನ್ನು ಕಾಯುವವನು ನೀನು ಎಂಬುದು ಅದರ ಸಾರ. ರಾತ್ರಿಯ ಪ್ರಾರ್ಥನೆಗೆ ಈ ವಾರ ಅಷ್ಟು ಸಾಕು.

ಒಂದು ಮಾತು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಅಥವಾ ಎಲೀಯನಂತೆ ಬದುಕೇ ಬೇಡ ಎನಿಸುತ್ತಿದ್ದರೆ, ಈ ಲೇಖನವನ್ನು ಬದಿಗಿಟ್ಟು ವೈದ್ಯರನ್ನು ಕಾಣಿ. ನಂಬಿಗಸ್ತರಾದ ಒಬ್ಬರಿಗಾದರೂ ತಿಳಿಸಿ. ಅದು ನಂಬಿಕೆಯ ಕೊರತೆಯಲ್ಲ. ಹಾಗೆಂದು ಯಾರಾದರೂ ಹೇಳಿದರೆ ಅವರು ಎಲೀಯನ ಅಧ್ಯಾಯವನ್ನು ಪೂರ್ತಿ ಓದಿಲ್ಲ.

ರಾತ್ರಿಯ ಚೀಟಿ

ಮಲಗಿದ ಮೇಲೆ ಮಾಡದೆ ಉಳಿದ ಕೆಲಸಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವಲ್ಲ, ಅದಕ್ಕಾಗಿ ಎರಡನೆಯ ಹೆಜ್ಜೆ. ಒಂದು ಚೀಟಿಯ ಮೇಲೆ ಉಳಿದದ್ದನ್ನೆಲ್ಲ ಬರೆಯಿರಿ. ಕೊಡಬೇಕಾದ ಉತ್ತರ, ಕಟ್ಟಬೇಕಾದ ಹಣ, ಸಿಟ್ಟಿನಲ್ಲಿ ಆಡಿದ ಮಾತು, ಮಗಳ ಪರೀಕ್ಷೆ. ನಂತರ ಪ್ರತಿಯೊಂದರ ಪಕ್ಕದಲ್ಲಿ "ನಾಳೆ" ಎಂದೋ "ನನ್ನ ಕೈಯಲ್ಲಿಲ್ಲ" ಎಂದೋ ಗುರುತು ಹಾಕಿ. ಆಮೇಲೆ ಚೀಟಿಯನ್ನು ಮಡಚಿ ಸತ್ಯವೇದದೊಳಗೆ ಇಟ್ಟು ಮುಚ್ಚಿ.

ಚಿಂತೆಯನ್ನೆಲ್ಲ ಆತನ ಮೇಲೆ ಹಾಕಿರಿ ಎಂದು ಪೇತ್ರನು ಬರೆದಾಗ (1 ಪೇತ್ರ 5:7) ಬಳಸಿದ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ. ಶಿಷ್ಯರು ತಮ್ಮ ಬಟ್ಟೆಗಳನ್ನು ಕತ್ತೆಮರಿಯ ಮೇಲೆ ಹಾಕಿ ಯೇಸುವನ್ನು ಹತ್ತಿಸಿದರಲ್ಲ, ಅಲ್ಲಿ (ಲೂಕ 19:35). ಬಟ್ಟೆ ಎಲ್ಲಿಯೂ ಮಾಯವಾಗಲಿಲ್ಲ, ಹೊರುವ ಬೆನ್ನು ಮಾತ್ರ ಬದಲಾಯಿತು. ಚೀಟಿಯೂ ಅಷ್ಟೇ. ಬೆಳಿಗ್ಗೆ ತೆರೆದಾಗ ಕೆಲಸಗಳು ಅಲ್ಲೇ ಇರುತ್ತವೆ. ರಾತ್ರಿ ಅವನ್ನು ಹೊತ್ತವರು ನೀವಲ್ಲ, ಅಷ್ಟೇ ವ್ಯತ್ಯಾಸ.

ಹತ್ತು ನಿಮಿಷದ ಮೌನ

ನಿದ್ದೆ ಒಂದು ಹದಕ್ಕೆ ಬಂದ ಮೇಲೆ ಇದನ್ನು ಆರಂಭಿಸಿ. ನಿದ್ದೆಗೆಟ್ಟವರು ಕಣ್ಣು ಮುಚ್ಚಿ ಕುಳಿತರೆ ಆಗುವುದು ಒಂದೇ, ಅದನ್ನು ಬೇರೆ ಹೇಳಬೇಕಿಲ್ಲ.

ಸ್ಥಳ. ಪ್ರತ್ಯೇಕ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ ಎಂದು ಯೇಸು ಹೇಳಿದ್ದು ನಿಜ (ಮತ್ತಾಯ 6:6), ಆದರೆ ಎಷ್ಟು ಜನರಿಗೆ ಅಂಥ ಕೋಣೆ ಇದೆ? ನಿಲ್ಲಿಸಿದ ಕಾರು, ಎಲ್ಲರೂ ಏಳುವ ಮೊದಲಿನ ಅಡುಗೆಮನೆ, ಖಾಲಿ ದೇವಾಲಯದ ಹಿಂದಿನ ಬೆಂಚು, ಯಾವುದಾದರೂ ಆದೀತು. ಮೆಥಡಿಸ್ಟ್ ಚಳವಳಿಯನ್ನು ಆರಂಭಿಸಿದ ಜಾನ್ ವೆಸ್ಲಿಯವರ ತಾಯಿ ಸುಸಾನಾ ವೆಸ್ಲಿ 19 ಮಕ್ಕಳನ್ನು ಹೆತ್ತವರು. ಅವರಲ್ಲಿ ಹಲವರು ಎಳವೆಯಲ್ಲೇ ತೀರಿಕೊಂಡರೂ ಮನೆ ತುಂಬ ಮಕ್ಕಳಿದ್ದವು. ಪ್ರಾರ್ಥಿಸಬೇಕೆನಿಸಿದಾಗ ಆಕೆ ಕುರ್ಚಿಯಲ್ಲಿ ಕುಳಿತು ತಮ್ಮ ಏಪ್ರನ್ನನ್ನೇ ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರು, ಆಗ ಯಾರೂ ಮಾತನಾಡಿಸಬಾರದೆಂದು ಮಕ್ಕಳಿಗೆ ಗೊತ್ತಿತ್ತು ಎಂಬ ಕಥೆ ಪರಂಪರೆಯಲ್ಲಿ ಉಳಿದುಬಂದಿದೆ. ಕೋಣೆ ಇಲ್ಲ ಎನ್ನುವ ನೆಪ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಕುಳಿತುಕೊಳ್ಳುವ ಬಗೆ. ಬೆನ್ನು ನೇರ, ಪಾದಗಳು ನೆಲದ ಮೇಲೆ, ಕೈಗಳು ತೊಡೆಯ ಮೇಲೆ ಬಿಚ್ಚಿಕೊಂಡಿರಲಿ. ಕೈಗಳ ಬಗ್ಗೆ ಒತ್ತಿ ಹೇಳುವುದಕ್ಕೆ ಕಾರಣವಿದೆ. ಶಾಂತರಾಗಿರಿ, ನಾನೇ ದೇವರೆಂದು ತಿಳಿದುಕೊಳ್ಳಿರಿ ಎಂಬ 46ನೆಯ ಕೀರ್ತನೆಯ ಮಾತು ಎಲ್ಲರಿಗೂ ಪರಿಚಿತ. ಅಲ್ಲಿರುವ ಹೀಬ್ರೂ ಕ್ರಿಯಾಪದಕ್ಕೆ ಸಡಿಲಬಿಡು, ಕೈಬಿಡು ಎಂಬ ಅರ್ಥವಿದೆ. ಅದರ ಹಿಂದಿನ ವಚನ ಓದಿ: ಬಿಲ್ಲು ಮುರಿಯುತ್ತದೆ, ಭರ್ಜಿ ತುಂಡಾಗುತ್ತದೆ, ರಥಗಳು ಬೆಂಕಿಯಲ್ಲಿ ಸುಡುತ್ತವೆ. ನಾವು ಗೋಡೆಗೆ ತೂಗುಹಾಕುವ ಚಿತ್ರಗಳಲ್ಲಿ ಈ ವಚನದ ಹಿಂದೆ ಒಂದು ತಿಳಿಗೊಳ ಇರುತ್ತದೆ. ಮೂಲದಲ್ಲಿರುವುದು ಯುದ್ಧಭೂಮಿ. ಆಯುಧ ಹಿಡಿದವನಿಗೆ, ಹಿಡಿತ ಬಿಡು ಎಂದು ದೇವರು ಹೇಳುವ ಮಾತು ಅದು. ಮೊದಲ ಸಲ ಕುಳಿತಾಗ ನನ್ನ ಮುಷ್ಟಿಗಳು ತಾವಾಗಿಯೇ ಬಿಗಿದುಕೊಂಡಿದ್ದನ್ನು ನಾನೇ ಕಂಡೆ.

ಇನ್ನು ಹತ್ತು ನಿಮಿಷಕ್ಕೆ ಗಂಟೆ ಬಾರಿಸುವಂತೆ ಇಟ್ಟುಕೊಂಡು ಕಣ್ಣು ಮುಚ್ಚಿ. ಉಸಿರಿನ ಜೊತೆ ಒಂದು ಸಣ್ಣ ಪ್ರಾರ್ಥನೆ ಇರಲಿ. ಉಸಿರು ಒಳಗೆ ಹೋಗುವಾಗ "ಯೇಸುವೇ, ದೇವಕುಮಾರನೇ", ಹೊರಗೆ ಬರುವಾಗ "ನನ್ನನ್ನು ಕರುಣಿಸು". ಪೂರ್ವದೇಶದ ಸಭೆಗಳು ಶತಮಾನಗಳಿಂದ ಈ ಪ್ರಾರ್ಥನೆಯನ್ನು ಮಾಡುತ್ತಾ ಬಂದಿವೆ. ಇದರ ಬೇರು ದಾರಿಯ ಬದಿಯಲ್ಲಿ ಕೂಗಿದ ಕುರುಡ ಬಾರ್ತಿಮಾಯನಲ್ಲಿ, ದೂರದಲ್ಲಿ ನಿಂತು ಎದೆ ಬಡಿದುಕೊಂಡ ಸುಂಕದವನಲ್ಲಿ ಇದೆ. ಮನಸ್ಸನ್ನು ಬರಿದು ಮಾಡುವ ಪ್ರಯತ್ನ ಬೇಕಿಲ್ಲ. ಯಾರ ಮುಂದೆ ಕುಳಿತಿದ್ದೇನೆ ಎಂಬುದು ನೆನಪಿದ್ದರೆ ಆಯಿತು.

ಏನಾಗುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಎರಡನೆಯ ನಿಮಿಷಕ್ಕೆ ಮರೆತುಹೋಗಿದ್ದ ಒಂದು ಕೆಲಸ ನೆನಪಾಗುತ್ತದೆ. ನಾಲ್ಕನೆಯದಕ್ಕೆ ಮೂಗು ತುರಿಸುತ್ತದೆ. ಆರನೆಯದಕ್ಕೆ, ಎರಡು ವರ್ಷದ ಹಿಂದೆ ಯಾರೋ ಆಡಿದ ಮಾತಿಗೆ ಕೊಡಬೇಕಾಗಿದ್ದ ಉತ್ತರ ಬಹಳ ಸೊಗಸಾಗಿ ಹೊಳೆಯುತ್ತದೆ. ಕೆಲಸ ನೆನಪಾದರೆ ಪಕ್ಕದ ಕಾಗದದಲ್ಲಿ ಒಂದು ಪದ ಬರೆದು ಮರಳಿ. ಮಾತು ನೆನಪಾದರೆ ಆ ವ್ಯಕ್ತಿಯ ಹೆಸರನ್ನು ಪ್ರಾರ್ಥನೆಯೊಳಗೆ ಸೇರಿಸಿಕೊಳ್ಳಿ: "ಕರ್ತನೇ, ನಮ್ಮಿಬ್ಬರನ್ನೂ ಕರುಣಿಸು." ಮನಸ್ಸು ಇಪ್ಪತ್ತು ಸಲ ಓಡಿಹೋಗಿ ಇಪ್ಪತ್ತು ಸಲ ಮರಳಿದರೆ ಆ ಮರಳುವಿಕೆಯೇ ಅಂದಿನ ಪ್ರಾರ್ಥನೆ. ಲೆಕ್ಕ ಇಡಬೇಡಿ.

ಏನೂ ಅನಿಸಲಿಲ್ಲ ಎಂದು ಹಲವರು ಇಲ್ಲಿಯೇ ಬಿಟ್ಟುಬಿಡುತ್ತಾರೆ. ನಾನೂ ಎರಡು ಸಲ ಬಿಟ್ಟಿದ್ದೇನೆ. ಮತ್ತೆ ಕುಳಿತುಕೊಳ್ಳುವಂತೆ ಮಾಡಿದ್ದು 131ನೆಯ ಕೀರ್ತನೆ. ಮೂರೇ ವಚನ. ಮೊಲೆಬಿಡಿಸಿದ ಕೂಸು ತಾಯಿಯ ಬಳಿ ಇರುವಂತೆ ನನ್ನ ಪ್ರಾಣವಿದೆ ಎನ್ನುತ್ತಾನೆ ಕೀರ್ತನೆಗಾರ. ಮೊಲೆಯುಣ್ಣುವ ಕೂಸು ಎನ್ನಲಿಲ್ಲ ಎಂಬುದನ್ನು ಗಮನಿಸಿ. ಹಾಲು ಕುಡಿಯುವ ಕೂಸು ತಾಯಿಯ ಮಡಿಲಿಗೆ ಬಂದರೆ ಹುಡುಕುತ್ತದೆ, ಸಿಗದಿದ್ದರೆ ರಚ್ಚೆ ಹಿಡಿಯುತ್ತದೆ. ಹಾಲು ಬಿಟ್ಟ ಮಗು ಸುಮ್ಮನೆ ಬಂದು ಒರಗುತ್ತದೆ. ಅದಕ್ಕೆ ಏನೂ ಬೇಕಾಗಿಲ್ಲ, ತಾಯಿ ಇದ್ದರೆ ಸಾಕು. ಹಾಲು ಬಿಡಿಸುವ ದಿನಗಳಲ್ಲಿ ಮನೆಯಲ್ಲಿ ಎಷ್ಟು ಅಳು ಇರುತ್ತದೆಂದು ತಾಯಂದಿರನ್ನು ಕೇಳಿ. ಹತ್ತು ನಿಮಿಷದ ಮೌನದಲ್ಲಿ ಮೊದಲ ತಿಂಗಳು ಕೇಳಿಸುವುದು ಬಹುಮಟ್ಟಿಗೆ ಆ ಅಳುವೇ.

ಕಡಿಮೆ ಓದುವುದು

ದಿನಕ್ಕೆ ಮೂರು ನಾಲ್ಕು ಅಧ್ಯಾಯದಂತೆ ವರ್ಷದಲ್ಲಿ ಸತ್ಯವೇದವನ್ನು ಮುಗಿಸುವ ಯೋಜನೆ ಒಳ್ಳೆಯದೇ. ಆದರೆ ದಣಿದವರಿಗೆ ಅದು ಬಸ್ಸಿನ ಕಿಟಕಿಯಿಂದ ಊರು ನೋಡಿದಂತೆ. 12ನೆಯ ಶತಮಾನದಲ್ಲಿ ಗೀಗೋ ಎಂಬ ಕಾರ್ತೂಸಿಯನ್ ಸನ್ಯಾಸಿ ದೇವರ ವಾಕ್ಯ ಓದುವುದನ್ನು ನಾಲ್ಕು ಮೆಟ್ಟಿಲುಗಳ ಏಣಿಗೆ ಹೋಲಿಸಿದನು: ಓದು, ಮೆಲುಕು, ಪ್ರಾರ್ಥನೆ, ಕೊನೆಗೆ ಮಾತಿಲ್ಲದೆ ದೇವರ ಸನ್ನಿಧಿಯಲ್ಲಿ ಇರುವುದು. ನಾವು ಹೆಚ್ಚಿನವರು ಮೊದಲ ಮೆಟ್ಟಿಲಲ್ಲೇ ಅತ್ತಿಂದಿತ್ತ ಓಡಾಡಿ ಇಳಿದುಬಿಡುತ್ತೇವೆ.

ವಾರಕ್ಕೆ ಒಂದೇ ಭಾಗವನ್ನು ಆರಿಸಿಕೊಳ್ಳಿ. 46ನೆಯ ಕೀರ್ತನೆಯಿಂದ ಶುರುಮಾಡಬಹುದು. ಅದರಲ್ಲಿ "ಸೆಲಾ" ಎಂಬ ಪದ ಮೂರು ಸಲ ಬರುತ್ತದೆ, ಕೀರ್ತನೆಗಳಲ್ಲಿ ಒಟ್ಟು 71 ಸಲ. ಅದರ ಅರ್ಥದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ, ಸಂಗೀತದಲ್ಲಿ ತಡೆದು ನಿಲ್ಲುವ ಸೂಚನೆ ಇರಬಹುದೆಂದು ಹಲವರ ಊಹೆ. ಗಟ್ಟಿಯಾಗಿ ಓದುವಾಗ ನಾವು ಅದನ್ನು ಹಾರಿಸಿಬಿಡುತ್ತೇವೆ. ಇನ್ನು ಮೇಲೆ ಅಲ್ಲಿ ಮೂರು ಉಸಿರಿನಷ್ಟು ಹೊತ್ತು ನಿಲ್ಲಿ. ಯಾವುದಾದರೂ ಒಂದು ಮಾತು ಕಾಲಿಗೆ ತೊಡರಿದರೆ ಅಲ್ಲೇ ಓದು ನಿಲ್ಲಿಸಿ, ಅದನ್ನೇ ದಿನವಿಡೀ ಬಾಯಲ್ಲಿ ಇಟ್ಟುಕೊಳ್ಳಿ. ಮುಂದಿನ ವಾರಗಳಿಗೆ 23 ಮತ್ತು 131ನೆಯ ಕೀರ್ತನೆಗಳು, ಮತ್ತಾಯ 11:28-30, ಮಾರ್ಕ 4:35-41. ಕೊನೆಯದರಲ್ಲಿ ಬಿರುಗಾಳಿಯ ನಡುವೆ ಯೇಸು ದೋಣಿಯಲ್ಲಿ ದಿಂಬಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿರುತ್ತಾನೆ. ಆ ದಿಂಬಿನ ಬಳಿ ಒಂದು ದಿನ ಕಳೆಯಬಹುದು.

ಕೆಲಸದ ನಡುವೆ

ಇದಕ್ಕೆ ಹೆಚ್ಚು ಹೇಳುವುದಿಲ್ಲ, ಮಾಡಿಯೇ ತಿಳಿಯಬೇಕು. ಅರಸನು ನಿನಗೇನು ಬೇಕು ಎಂದು ಕೇಳಿದಾಗ ನೆಹೆಮೀಯನು ಪರಲೋಕದ ದೇವರಿಗೆ ಪ್ರಾರ್ಥಿಸಿ ಉತ್ತರ ಕೊಟ್ಟನು (ನೆಹೆಮೀಯ 2:4-5). ಅರಸನನ್ನು ಕಾಯಿಸುವಂತಿಲ್ಲ, ಹಾಗಾಗಿ ಆ ಪ್ರಾರ್ಥನೆ ಒಂದು ಉಸಿರಿನದ್ದು. ದಿನದಲ್ಲಿ ಮೂರು ಹೊತ್ತನ್ನು ಇದಕ್ಕೆ ಗುರುತಿಸಿಕೊಳ್ಳಿ. ಫೋನ್ ಎತ್ತುವ ಮುಂಚೆ, ಊಟಕ್ಕೆ ಏಳುವಾಗ, ಮನೆಯ ಬಾಗಿಲು ತೆರೆಯುವ ಮುಂಚೆ. ಒಂದು ಉಸಿರು, ಒಂದು ಮಾತು.

17ನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಬ್ರದರ್ ಲಾರೆನ್ಸ್ ಎಂಬ ಕಾರ್ಮೆಲೈಟ್ ಸಹೋದರರು ಮಠದ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದರು. ಅಡುಗೆ ಕೆಲಸ ಅವರಿಗೆ ಸ್ವಭಾವತಃ ಹಿಡಿಸುತ್ತಿರಲಿಲ್ಲ ಎಂಬುದು ನನಗೆ ಇಷ್ಟವಾದ ವಿವರ. ಪಾತ್ರೆಗಳ ಸದ್ದಿನ ನಡುವೆ, ಏಕಕಾಲಕ್ಕೆ ನಾಲ್ಕು ಜನ ನಾಲ್ಕು ವಸ್ತು ಕೇಳುತ್ತಿರುವಾಗ, ಪ್ರಾರ್ಥನಾ ಮಂದಿರದಲ್ಲಿ ಮೊಣಕಾಲೂರಿದಾಗ ಇರುವಷ್ಟೇ ದೇವರ ಹತ್ತಿರ ಇರಲು ಅವರು ಕಲಿತರು. ಯೇಸು ಮನೆಗೆ ಬಂದಾಗ ಉಪಚಾರದ ಗಡಿಬಿಡಿಯಲ್ಲಿದ್ದ ಮಾರ್ಥಳನ್ನು ಬೈಯುವ ಪ್ರಸಂಗ ಕೇಳಿದಾಗಲೆಲ್ಲ ನನಗೆ ಇವರ ನೆನಪು. ಯೇಸು ಆಕೆಗೆ ಹೇಳಿದ್ದು ಹಲವು ವಿಷಯಗಳ ಚಿಂತೆ, ಗಡಿಬಿಡಿಯ ಬಗ್ಗೆ. ಸೌಟನ್ನು ಕೆಳಗಿಡು ಎಂದು ಆತನು ಎಲ್ಲಿಯೂ ಹೇಳಲಿಲ್ಲ. ವಿಶ್ರಾಂತಿ ಕೊಡುತ್ತೇನೆ ಎಂದು ಕರೆದು ಆತನು ಕೈಗೆ ಕೊಟ್ಟದ್ದೂ ಒಂದು ನೊಗವನ್ನೇ ಅಲ್ಲವೇ?

ವಾರದ ಒಂದು ದಿನ

ಹತ್ತು ಆಜ್ಞೆಗಳು ಸತ್ಯವೇದದಲ್ಲಿ ಎರಡು ಕಡೆ ಇವೆ, ಸಬ್ಬತ್ತಿಗೆ, ಅಂದರೆ ವಿಶ್ರಾಂತಿಯ ದಿನಕ್ಕೆ, ಕೊಟ್ಟ ಕಾರಣ ಮಾತ್ರ ಬೇರೆ ಬೇರೆ. ವಿಮೋಚನಕಾಂಡ 20ರಲ್ಲಿ, ದೇವರು ಏಳನೆಯ ದಿನ ವಿಶ್ರಮಿಸಿದನು ಎಂಬ ಕಾರಣ. ಧರ್ಮೋಪದೇಶಕಾಂಡ 5ರಲ್ಲಿ, ನೀನು ಐಗುಪ್ತದಲ್ಲಿ ದಾಸನಾಗಿದ್ದೆ ಎಂಬುದನ್ನು ನೆನಪಿಡು ಎಂಬ ಕಾರಣ. ಫರೋಹನು ಹುಲ್ಲು ಕೊಡದೆ ಇಟ್ಟಿಗೆಯ ಲೆಕ್ಕ ಕೇಳಿದವನು, ಅವನ ಪಂಚಾಂಗದಲ್ಲಿ ರಜೆ ಇರಲಿಲ್ಲ. ವಾರದ ಏಳೂ ದಿನ ದುಡಿಯುವ ನಮಗೆ ಫರೋಹನು ಹೊರಗಿಲ್ಲ. ನನ್ನ ಮಟ್ಟಿಗಂತೂ ಆ ಹುದ್ದೆಯಲ್ಲಿ ಇದ್ದವನು ನಾನೇ.

ಸಬ್ಬತ್ತಿನ ತಯಾರಿ ಅದರ ಹಿಂದಿನ ದಿನದ್ದು. ಆಜ್ಞೆ ಸಿನಾಯಿ ಬೆಟ್ಟದಲ್ಲಿ ಬರುವ ಮೊದಲೇ, ಅಡವಿಯಲ್ಲಿ ದೇವರು ಕೊಟ್ಟ ಆಹಾರವಾದ ಮನ್ನದ ಮೂಲಕ ಇಸ್ರಾಯೇಲ್ಯರು ಇದನ್ನು ಕಲಿತರು. ಆರನೆಯ ದಿನ ಎರಡರಷ್ಟು ಕೂಡಿಸಿಕೊಂಡರು, ಏಳನೆಯ ದಿನ ಹುಡುಕಿಕೊಂಡು ಹೋದವರಿಗೆ ಏನೂ ಸಿಗಲಿಲ್ಲ (ವಿಮೋಚನಕಾಂಡ 16). ಹಾಗೆಯೇ ಹಿಂದಿನ ದಿನ ಬಟ್ಟೆ ಮಡಚಿಡಿ, ಅಡುಗೆಯಲ್ಲಿ ಮೊದಲೇ ಆಗುವಷ್ಟನ್ನು ಮುಗಿಸಿ, ಉತ್ತರ ಕೊಡಬೇಕಾದವರಿಗೆ ಕೊಟ್ಟುಬಿಡಿ. ಇಪ್ಪತ್ತನಾಲ್ಕು ಗಂಟೆ ಆಗದು ಎನ್ನುವವರು ನಾಲ್ಕು ಗಂಟೆಯಿಂದ ಆರಂಭಿಸಿ. ಭಾನುವಾರವೂ ಪಾಳಿ ಇರುವವರು, ರೋಗಿಯನ್ನು ನೋಡಿಕೊಳ್ಳುವವರು ಬೇರೊಂದು ದಿನವನ್ನು ಆರಿಸಿಕೊಳ್ಳಲಿ. ಸಬ್ಬತ್ ಮನುಷ್ಯನಿಗೋಸ್ಕರ ಉಂಟಾಯಿತೇ ಹೊರತು ಮನುಷ್ಯನು ಸಬ್ಬತ್ತಿಗೋಸ್ಕರ ಅಲ್ಲ ಎಂದ ಕರ್ತನು ಪಾಳಿಯ ವಿಷಯದಲ್ಲಿ ತಕರಾರು ಮಾಡಲಾರನು. ಸಭಾಪಾಲಕರಿಗೆ ಭಾನುವಾರವೇ ಅತಿ ಹೆಚ್ಚು ಕೆಲಸ, ಅವರಿಗೆ ಬೇರೆ ದಿನ ಬಿಡುವು ಕೊಡುವುದು ಸಭೆಯ ಹೊಣೆ.

ಇಲ್ಲಿ ಒಂದು ಕಡೆ ನಾನು ಕಠಿಣವಾಗಿಯೇ ಹೇಳುತ್ತೇನೆ. ಧರ್ಮೋಪದೇಶಕಾಂಡದ ಆಜ್ಞೆಯಲ್ಲಿ ದಾಸ, ದಾಸಿ, ಎತ್ತು, ಕತ್ತೆ, ಪರದೇಶಿ ಎಲ್ಲರೂ ಇದ್ದಾರೆ. ನಿನ್ನಂತೆಯೇ ಅವರೂ ವಿಶ್ರಮಿಸಬೇಕು ಎಂದಿದೆ. ಆರಾಧನೆ ಮುಗಿಸಿ ಬಂದು ಗಂಡಸರು ಕಾಲು ಚಾಚಿ ಕುಳಿತು, ಮನೆಯ ಹೆಂಗಸು ಆ ದಿನ ದುಪ್ಪಟ್ಟು ಅಡುಗೆ ಮಾಡಿದರೆ ಅದು ಸಬ್ಬತ್ತಲ್ಲ. ಆ ದಿನದ ಪಾತ್ರೆ ಯಾರು ತೊಳೆಯುತ್ತಾರೆ ಎಂಬುದನ್ನು ಮೊದಲು ತೀರ್ಮಾನಿಸಿ, ಮಿಕ್ಕ ಆತ್ಮಿಕ ಯೋಜನೆಗಳು ಆಮೇಲೆ.

ಬೇಡ ಎನ್ನುವುದು, ಯೋಜನೆ ಕೆಡುವುದು

ಕಪೆರ್ನೌಮಿನಲ್ಲಿ ಒಂದು ಸಂಜೆ ಊರಿಗೆ ಊರೇ ಬಾಗಿಲ ಮುಂದೆ ಸೇರಿತ್ತು. ಯೇಸು ಅನೇಕರನ್ನು ವಾಸಿಮಾಡಿದನು. ಮರುದಿನ ಇನ್ನೂ ಕತ್ತಲಿರುವಾಗ ಎದ್ದು ಏಕಾಂತ ಸ್ಥಳಕ್ಕೆ ಹೋದನು. ಸೀಮೋನನು ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎಂದಾಗ ಆತನ ಉತ್ತರ: ಬೇರೆ ಊರುಗಳಿಗೆ ಹೋಗೋಣ (ಮಾರ್ಕ 1:32-38). ಬಾಗಿಲಲ್ಲಿ ಜನ ಇದ್ದರು, ಅವರ ಅಗತ್ಯ ನಿಜವಾದದ್ದೇ. ಆದರೂ ಆತನು ಹೋದನು. ಸಭೆಯಲ್ಲಿ ನಾಲ್ಕನೆಯ ಹೊಣೆಯನ್ನು ಹೊರಲು ಕೇಳಿದಾಗ ನಾನು ಈ ಭಾಗವನ್ನು ನೆನೆದು "ಒಂದು ದಿನ ಪ್ರಾರ್ಥಿಸಿ ತಿಳಿಸುತ್ತೇನೆ" ಎಂದೆ. ಬೇಡ ಎನ್ನುವುದಕ್ಕೆ ಅದನ್ನು ಜಾಣ ನೆಪವಾಗಿ ಬಳಸಬಾರದು, ನಿಜಕ್ಕೂ ಪ್ರಾರ್ಥಿಸಬೇಕು. ಪ್ರಾರ್ಥಿಸಿದೆ, ಮರುದಿನ ಆಗುವುದಿಲ್ಲ ಎಂದೆ. ಆ ಹೊಣೆಯನ್ನು ಬೇರೊಬ್ಬರು ನನಗಿಂತ ಚೆನ್ನಾಗಿ ನಿರ್ವಹಿಸಿದರು. ಸ್ವಲ್ಪ ಬೇಸರವೂ ಆಯಿತೆಂದು ಒಪ್ಪಿಕೊಳ್ಳುತ್ತೇನೆ.

ಇಷ್ಟೆಲ್ಲ ಮಾಡಿದರೂ ಕೆಲವು ವಾರಗಳು ಕೈಮೀರಿ ಹೋಗುತ್ತವೆ. ಮಾರ್ಕ 6ರಲ್ಲಿ ಶಿಷ್ಯರಿಗೆ ಊಟಕ್ಕೂ ಬಿಡುವಿಲ್ಲದಷ್ಟು ಜನ. ಏಕಾಂತ ಸ್ಥಳಕ್ಕೆ ಬಂದು ಸ್ವಲ್ಪ ದಣಿವಾರಿಸಿಕೊಳ್ಳಿರಿ ಎಂದು ಯೇಸುವೇ ಕರೆದುಕೊಂಡು ದೋಣಿ ಹತ್ತಿದನು. ದಡ ಮುಟ್ಟಿದರೆ ಜನರು ಓಡಿಬಂದು ಮೊದಲೇ ಅಲ್ಲಿ ನಿಂತಿದ್ದರು! ಕರ್ತನೇ ಹಾಕಿದ ವಿಶ್ರಾಂತಿಯ ಯೋಜನೆ ಕೆಟ್ಟಿತು. ಆತನು ಸಿಡುಕಲಿಲ್ಲ, ಕನಿಕರಪಟ್ಟು ಬೋಧಿಸಿದನು, ಐದು ಸಾವಿರ ಗಂಡಸರಿಗೆ ಊಟ ಹಾಕಿದನು. ಆಮೇಲೆ ಶಿಷ್ಯರನ್ನು ದೋಣಿ ಹತ್ತಿಸಿ, ಗುಂಪನ್ನು ಕಳುಹಿಸಿಬಿಟ್ಟು, ಒಬ್ಬನೇ ಬೆಟ್ಟ ಹತ್ತಿದನು. ತಪ್ಪಿದ ಏಕಾಂತವನ್ನು ಅದೇ ರಾತ್ರಿ ಹಿಡಿದುಕೊಂಡನು.

ಅಂಥ ವಾರಗಳಲ್ಲಿ ನಾನು ಉಳಿಸಿಕೊಳ್ಳುವುದು ಎರಡನ್ನೇ: ರಾತ್ರಿಯ ಚೀಟಿ ಮತ್ತು 131ನೆಯ ಕೀರ್ತನೆ. ಎಷ್ಟು ನಿಧಾನವಾಗಿ ಓದಿದರೂ ಅದಕ್ಕೆ ಒಂದು ನಿಮಿಷ ಹಿಡಿಯುವುದಿಲ್ಲ. ಕಳೆದ ತಿಂಗಳು ಅಂಥ ಒಂದು ವಾರದ ಕೊನೆಗೆ ಹಾಸಿಗೆಯ ಮೇಲೆ ಕುಳಿತು ಚೀಟಿ ಬರೆಯುತ್ತಿದ್ದೆ. ಬೆಳಿಗ್ಗೆ ಎದ್ದಾಗ ಪೆನ್ನು ಹೊದಿಕೆಯೊಳಗೆ ಸಿಕ್ಕಿತು. ಚೀಟಿಯ ಮೂರನೆಯ ಸಾಲು ಅರ್ಧಕ್ಕೇ ನಿಂತಿತ್ತು.